ಯಂತ್ರಕ್ಕೆ ಕನ್ನಡ ಕೇಳುವವರು ಯಾರು?

ಸಾಹಿತ್ಯ ಬಳಗದ ಪತ್ರಿಕೆಯಲ್ಲಿ ಕಂಪ್ಯೂಟರಿನ ಪುರಾಣ ಯಾಕಪ್ಪಾ ಎಂದು ಓದುಗ ಮಿತ್ರರು ಕೇಳಬಹುದು. ಕೇಳಲಿ. ಈ ಸಂಚಿಕೆಗೆಂದು ನೀವು ಬರೆದುಕೊಟ್ಟ ಕವಿತೆ ಸೈಕ್ಲೋಸ್ಟೈಲ್ ಆಗುವ ಮೊದಲು ವಡಾಲದ ನಮ್ಮ ಕೋಣೆಯಲ್ಲಿರುವ ಹಳೇ ಕಂಪ್ಯೂಟರಿನೊಳಗೆ ಹೊಕ್ಕು ಬರುತ್ತದೆ. ಅಲ್ಲಿ ನಿಮ್ಮ ಅಕ್ಷರಕ್ಕೆ ಏನಾಗುತ್ತದೆ ಎಂಬುದು ವ್ಯಾಕರಣದಷ್ಟೇ, ಛಂದಸ್ಸಿನಷ್ಟೇ ನಮ್ಮ ವಿಷಯ. ಕಳೆದ ತಿಂಗಳು ಆ ಯಂತ್ರಕ್ಕೆ ಹೊಸ ಆಪರೇಟಿಂಗ್ ಸಿಸ್ಟಂ ಹಾಕುವ ಕೆಲಸ ನನ್ನ ತಲೆಗೆ ಬಿತ್ತು. ಆ ನಾಲ್ಕಾರು ಸಂಜೆಗಳಲ್ಲಿ ಕಂಡದ್ದನ್ನು ಹೇಳಿ, ನನ್ನ ಅಭಿಪ್ರಾಯವನ್ನೂ ಇಡುತ್ತೇನೆ. ಒಪ್ಪದಿದ್ದವರು ಮುಂದಿನ ಸಂಚಿಕೆಯಲ್ಲಿ ಜಗಳ ಆಡಬಹುದು.

ಆಪರೇಟಿಂಗ್ ಸಿಸ್ಟಂ ಅಂದರೆ ಏನು? ನಮ್ಮ ಉಡುಪಿ ಹೋಟೆಲನ್ನೇ ತಗೊಳ್ಳಿ. ಗಿರಾಕಿಗೆ ಕಾಣುವುದು ಗಲ್ಲಾ ಮತ್ತು ಸಪ್ಲಾಯರ್. ಒಳಗೆ ಭಟ್ಟರು ಒಲೆ ಹಚ್ಚದಿದ್ದರೆ ಇವರಿಬ್ಬರೂ ಕೈಕಟ್ಟಿ ನಿಲ್ಲಬೇಕು. ಕಂಪ್ಯೂಟರಿನ ಭಟ್ಟರೇ ಈ ಸಿಸ್ಟಂ. ನಮ್ಮ ಯಂತ್ರದಲ್ಲಿದ್ದದ್ದು ವಿಂಡೋಸ್ 10. ಅದರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. 11ನೆಯದನ್ನು ಹಾಕೋಣವೆಂದರೆ ಅದು ಕೇಳುವ ಯಂತ್ರಾಂಗಗಳು ನಮ್ಮ ಮುದುಕನ ಬಳಿ ಇಲ್ಲ. "ರದ್ದಿಗೆ ಹಾಕಿ ಹೊಸದು ತರೋಣ" ಎಂದರು ಕೆಲವರು. ಬಳಗದ ಖಾತೆಯಲ್ಲಿ ಎಷ್ಟಿದೆಯೆಂದು ಖಜಾಂಚಿ ಹೇಳಿದ ಮೇಲೆ ಎಲ್ಲರೂ ಸುಮ್ಮನಾದರು.

ಹೀಗಾಗಿ ಡೆಬಿಯನ್. ಇದು ಲಿನಕ್ಸ್ ವಂಶದ್ದು. 1993ರಲ್ಲಿ ಇಯಾನ್ ಮರ್ಡಾಕ್ ಎಂಬ ವಿದ್ಯಾರ್ಥಿ ತನ್ನ ಗೆಳತಿ ಡೆಬ್ರಾಳ ಹೆಸರನ್ನೂ ತನ್ನ ಹೆಸರನ್ನೂ ಕೂಡಿಸಿ ಹೆಸರಿಟ್ಟು ಶುರುಮಾಡಿದ್ದು. ಅಂದಿನಿಂದ ದೇಶದೇಶದ ಸ್ವಯಂಸೇವಕರು ಇದನ್ನು ಕಟ್ಟುತ್ತಾ ಬಂದಿದ್ದಾರೆ. ದುಡ್ಡಿಲ್ಲ, ಬೀಗವಿಲ್ಲ, ಯಾರು ಬೇಕಾದರೂ ಬಿಚ್ಚಿ ನೋಡಬಹುದು. ನಮ್ಮ ಸಿ-ಡ್ಯಾಕ್ ಸಂಸ್ಥೆ ಸರ್ಕಾರಿ ಕಚೇರಿಗಳಿಗೆಂದು ಮಾಡಿದ 'ಬಾಸ್' ಎಂಬ ಸಿಸ್ಟಂ ಕೂಡ ಇದೇ ಡೆಬಿಯನ್ನಿನ ಪಾಯದ ಮೇಲೆ ನಿಂತದ್ದು. ಇದರ 13ನೆಯ ಆವೃತ್ತಿ 'ಟ್ರಿಕ್ಸಿ' 2025ರ ಆಗಸ್ಟ್ 9ರಂದು ಹೊರಬಂತು. ಹೆಸರು ಒಂದು ಗೊಂಬೆ ಸಿನೆಮಾದ ಪಾತ್ರದ್ದು. ತೀರಾ ಹಳೆಯ 32 ಬಿಟ್ಟಿನ ಯಂತ್ರಗಳಿಗೆ ಇದರಲ್ಲಿ ಅನುಸ್ಥಾಪನೆಯ ಕಡತವೇ ಇಲ್ಲ. ಪುಣ್ಯಕ್ಕೆ ನಮ್ಮದು 64 ಬಿಟ್ಟಿನದು. ಮುಕ್ಕಾಲು ಜಿ.ಬಿ.ಯಷ್ಟಿರುವ ಕಡತವನ್ನು ಇಳಿಸಿಕೊಂಡು, ಲ್ಯಾಮಿಂಗ್ಟನ್ ರೋಡಿನಲ್ಲಿ ಕೊಂಡ ಪೆನ್‌ಡ್ರೈವಿಗೆ ತುಂಬಿಸಿ, ಒಂದು ಶನಿವಾರ ಸಂಜೆ ನಾನೂ ಕಾರ್ಕಳ ಕಡೆಯ ಗೆಳೆಯನೊಬ್ಬನೂ ಕೂತೆವು.

ಪೆನ್‌ಡ್ರೈವಿನಿಂದ ಯಂತ್ರ ಎದ್ದಾಗ ಪರದೆಯ ಮೇಲೆ ಒಂದು ಪಟ್ಟಿ. ಮೊದಲನೆಯ ಸಾಲು ಚಿತ್ರರೂಪದ ಅನುಸ್ಥಾಪನೆ, ಎರಡನೆಯದು ಬರೀ ಅಕ್ಷರಗಳದ್ದು. "ಯಂತ್ರ ಮುದುಕ, ಚಿತ್ರಗಿತ್ರ ಬೇಡ" ಎಂದು ನನ್ನ ಗೆಳೆಯ ಜಾಣತನದಿಂದ ಎರಡನೆಯದನ್ನು ಒತ್ತಿದ. ಭಾಷೆ ಯಾವುದೆಂದು ಕೇಳಿತು. ಹುಡುಕಿದೆವು. ಜಪಾನಿ ಇದೆ, ಕೊರಿಯನ್ ಇದೆ, ನಡುವೆ ಕನ್ನಡ ಇಲ್ಲ.

"ಎಂಥ ಮಾರಾಯ, ಇಲ್ಲೂ ಇಲ್ವಾ? ಹಾಕು ಇಂಗ್ಲಿಷ್, ಬೇಗ ಮುಗಿಸುವ" ಎಂದ ಅವನು.

ನಾನೂ ಒತ್ತುವವನೇ ಇದ್ದೆ. ಯಾಕೋ ಮನಸ್ಸಾಗಲಿಲ್ಲ. ಯಂತ್ರವನ್ನು ಮತ್ತೆ ಎಬ್ಬಿಸಿ ಮೇಲಿನ ಸಾಲನ್ನು ಒತ್ತಿದೆ. ಈ ಸಲ ಅದೇ ಪಟ್ಟಿಯಲ್ಲಿ ಜಪಾನಿಗೂ ಕೊರಿಯನ್ನಿಗೂ ನಡುವೆ ಕನ್ನಡ ಕೂತಿತ್ತು, ನಮ್ಮದೇ ಲಿಪಿಯಲ್ಲಿ. ಕಾರಣ ಸರಳ. ಬರೀ ಅಕ್ಷರದ ಪರದೆಗೆ ನಮ್ಮ ಒತ್ತು, ಕೊಂಬು, ದೀರ್ಘಗಳನ್ನು ಜೋಡಿಸಿ ತೋರಿಸುವ ಶಕ್ತಿ ಇಲ್ಲ, ಆದ್ದರಿಂದ ಅಲ್ಲಿ ಕನ್ನಡವನ್ನು ಪಟ್ಟಿಯಿಂದಲೇ ಬಿಟ್ಟಿದ್ದಾರೆ. ಅಂದರೆ ಕನ್ನಡ ಇತ್ತು, ಒಂದು ಸಾಲು ಮೇಲೆ ಇತ್ತು. ಎಷ್ಟು ಕಡೆ, ಎಷ್ಟು ಜನ ಎರಡನೆಯ ಸಾಲಿನಲ್ಲೇ "ಇಲ್ಲ" ಎಂದು ತೀರ್ಮಾನಿಸಿ ಇಂಗ್ಲಿಷ್ ಒತ್ತಿ ಎದ್ದು ಹೋಗಿರಬಹುದು!

ಮುಂದೆ ನಾನೊಂದು ದಡ್ಡತನ ಮಾಡಿದೆ, ನೀವು ಮಾಡಬೇಡಿ. ಉತ್ಸಾಹದಲ್ಲಿ ಕೀಲಿಮಣೆಯನ್ನೂ ಆಗಲೇ ಕನ್ನಡ ಮಾಡಿಕೊಂಡೆ. ಗುಪ್ತಪದ ಕೊಡುವಾಗ ಪರದೆಯಲ್ಲಿ ಕಾಣುವುದು ಬರೀ ಚುಕ್ಕೆ. ಬೆರಳು ಒತ್ತಿದ್ದು ಯಾವ ಲಿಪಿಯಲ್ಲಿ ಎಂದು ಚುಕ್ಕೆ ಹೇಳುವುದಿಲ್ಲ. ಎಲ್ಲ ಮುಗಿದು ಒಳಗೆ ಹೋಗಲು ನೋಡಿದರೆ ಬಾಗಿಲು ತೆರೆಯಲೇ ಇಲ್ಲ. ಪುನಃ ಮೊದಲಿನಿಂದ ಎಲ್ಲ ಹಾಕಬೇಕಾಯಿತು. ಭಾಷೆ ಕನ್ನಡ ಆರಿಸಿ, ಕೀಲಿಮಣೆಯನ್ನು ಮಾತ್ರ ಆಗ ಇಂಗ್ಲಿಷಿನಲ್ಲೇ ಬಿಟ್ಟು, ಒಳಗೆ ಹೋದ ಮೇಲೆ ಕನ್ನಡವನ್ನು ಸೇರಿಸಿಕೊಳ್ಳುವುದು ಕ್ಷೇಮ. ಹಳೆಯ ಡಿಸ್ಕಿನಲ್ಲಿ ಇರುವುದನ್ನೆಲ್ಲ ಮೊದಲು ಬೇರೆಡೆಗೆ ನಕಲು ಮಾಡಿಕೊಳ್ಳಿ ಎಂದು ಬೇರೆ ಹೇಳಬೇಕಾಗಿಲ್ಲ. ಅಷ್ಟನ್ನು ಮಾತ್ರ ನಾವು ಬುದ್ಧಿವಂತಿಕೆಯಿಂದ ಮಾಡಿದ್ದೆವು.

ಕೀಲಿಮಣೆ ಸೇರಿಸುವಾಗ ಕಂಡದ್ದೊಂದು ಖುಷಿಯ ಸಂಗತಿ. ಲಿನಕ್ಸಿನ ಪಟ್ಟಿಯಲ್ಲಿ 'ಕಗಪ' ಎಂಬ ಹೆಸರಿನ ವಿನ್ಯಾಸವಿದೆ. ಕಗಪ ಎಂದರೆ ಕನ್ನಡ ಗಣಕ ಪರಿಷತ್ತು. ಅವರು 'ನುಡಿ' ತಂತ್ರಾಂಶದಲ್ಲಿ ಅಳವಡಿಸಿದ ಈ ವಿನ್ಯಾಸದ ಮೂಲಪುರುಷ ಕಿನ್ನಿಕಂಬಳ ಪದ್ಮನಾಭ ರಾವ್, ನಾವೆಲ್ಲ ಕೆ.ಪಿ. ರಾವ್ ಎಂದು ಕೇಳಿದವರು. ಎಫ್ ಕೀಲಿ ಒತ್ತಿದರೆ ಹಿಂದಿನ ಅಕ್ಷರ ಅರ್ಧವಾಗುತ್ತದೆ, ಮುಂದಿನದು ಒತ್ತಾಗಿ ಕೂರುತ್ತದೆ. ಬಲು ಸುಲಭ. ಅಚ್ಚರಿಯೇನೆಂದರೆ ಅದೇ ಪಟ್ಟಿಯಲ್ಲಿ ಹಿಂದಿಗೆ, ಮರಾಠಿಗೆ, ಸಂಸ್ಕೃತಕ್ಕೆ, ತೆಲುಗಿಗೆ ಕೂಡ 'ಕಗಪ' ಇದೆ! ಮರಾಠಿ ಗೆಳೆಯನಿಗೆ ತೋರಿಸಿ "ನೋಡಪ್ಪಾ, ನಿನ್ನ ಭಾಷೆಗೂ ನಮ್ಮವರ ಕೀಲಿ" ಎಂದು ಸ್ವಲ್ಪ ಬೀಗಿದೆ. ಕೆ.ಪಿ. ರಾಯರು ಇದೇ ಮುಂಬಯಿಯಲ್ಲಿ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡಿದವರು. ಲಿನಕ್ಸಿನ ಪರದೆಯಲ್ಲಿ ಭಾರತೀಯ ಲಿಪಿಗಳನ್ನು ಮೂಡಿಸಲು ಮೊದಮೊದಲು ದುಡಿದ 'ಇಂಡಿಕ್ಸ್' ಯೋಜನೆ ಕೂಡ ಜುಹುವಿನ ಎನ್.ಸಿ.ಎಸ್.ಟಿ.ಯದು, ಆ ಸಂಸ್ಥೆ ಆಮೇಲೆ ಸಿ-ಡ್ಯಾಕಿನಲ್ಲಿ ಸೇರಿಹೋಯಿತು. ಇದೆಲ್ಲ ಬೆಂಗಳೂರಿನವರ ಕೆಲಸ, ಮುಂಬಯಿಯ ನಮಗೇನು ಎನ್ನುವವರು ಇದನ್ನು ನೆನಪಿಡಬೇಕು.

ಇಷ್ಟೇ ಆಗಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ. ಆಮೇಲೆ ಹಳೆಯ ಕಡತಗಳನ್ನು ತೆರೆದೆವು.

2004ರಲ್ಲಿ ನಮ್ಮ ಬಳಗ ರಾತ್ರಿಶಾಲೆಯಲ್ಲಿ ಕಲಿತವರ ಅನುಭವಗಳ ವಿಶೇಷ ಸಂಚಿಕೆ ತಂದಿತ್ತು. ಹಗಲೆಲ್ಲ ಹೋಟೆಲಿನಲ್ಲಿ ಮೇಜು ಒರೆಸಿ, ರಾತ್ರಿ ಕನ್ನಡ ಶಾಲೆಯಲ್ಲಿ ಕೂತು ಮೆಟ್ರಿಕ್ ಮಾಡಿದವರ ಮಾತು. ಅದರ ಪ್ರತಿಗಳು ಕಪಾಟಿನ ಕೆಳಗಿನ ಹಲಗೆಯಲ್ಲಿದ್ದವು. 2005ರ ಜುಲೈ 26ರ ಮಳೆ ಅವುಗಳನ್ನು ಮುದ್ದೆ ಮಾಡಿತು. ಉಳಿದದ್ದು ಕಂಪ್ಯೂಟರಿನ ಕಡತವೊಂದೇ. ಯಂತ್ರದಿಂದ ಯಂತ್ರಕ್ಕೆ ನಕಲಾಗುತ್ತಾ ಬಂದಿದೆ, ಯಾರೂ ತೆರೆದಿಲ್ಲ. ಈಗ ತೆರೆದರೆ ಒಂದಕ್ಷರ ಕನ್ನಡವಿಲ್ಲ. 'ಕನ್ನಡ' ಎಂಬ ಪದ ಇರಬೇಕಾದಲ್ಲಿ ಒಂದು ಪಿ, ತಲೆಯ ಮೇಲೆ ಓರೆಗೆರೆ ಹೊತ್ತ ಎ, ಪೌಂಡಿನ ಗುರುತು, ಮತ್ತೆ ಅದೇ ಎ, ಜರ್ಮನರ ಎಸ್ಸು, ಕ್ಯೂ, ಮತ್ತೊಂದು ಎ. ಪುಟಪುಟವೂ ಹೀಗೆ. ಅದರಲ್ಲಿ ಬರೆದವರೊಬ್ಬರು, ದಾದರಿನ ಹೋಟೆಲೊಂದರಲ್ಲಿ ಮೂವತ್ತು ವರ್ಷ ದುಡಿದವರು, ತೀರಿಕೊಂಡು ಹತ್ತು ವರ್ಷವಾಯಿತು. ಅವರು ಜೀವಮಾನದಲ್ಲಿ ಬರೆದದ್ದು ಆ ನಾಲ್ಕು ಪುಟ ಮಾತ್ರ. ಇತ್ತ ಮೇಲಿನ ಹಲಗೆಯಲ್ಲಿ 1970ರ ದಶಕದ ಸೈಕ್ಲೋಸ್ಟೈಲ್ ಸಂಚಿಕೆಗಳಿವೆ. ಮಸಿ ಹರಡಿದೆ, ಹಾಳೆ ಹಳದಿಯಾಗಿದೆ, ಆದರೂ ಈಗಲೂ ಓದಬಹುದು.

ಏನಾಗಿತ್ತು? ಆಗಿನ ಕಾಲದ ಅಕ್ಷರಶೈಲಿಗಳು ಇಂಗ್ಲಿಷ್ ಅಕ್ಷರಗಳಿಗೂ ಚಿಹ್ನೆಗಳಿಗೂ ಮೀಸಲಾದ ಮನೆಗಳಲ್ಲಿ ಕನ್ನಡದ ಚೂರುಗಳನ್ನು ಕೂರಿಸುತ್ತಿದ್ದವು. ಯಂತ್ರ ಮನಸ್ಸಿನಲ್ಲಿ ಬರೆದುಕೊಂಡದ್ದು ಪಿ ಮತ್ತು ಎ, ನಮಗೆ ತೋರಿಸಿದ್ದು ಕ. ಯಕ್ಷಗಾನದ ವೇಷವಿದ್ದ ಹಾಗೆ: ಕಿರೀಟ ಇರುವ ತನಕ ಅರ್ಜುನ, ಚೌಕಿಗೆ ಬಂದು ಕಳಚಿದರೆ ಬೇರೆ ಮನುಷ್ಯ. ಆ ಹಳೆಯ ಅಕ್ಷರಶೈಲಿಯನ್ನು ತಂದು ಹಾಕಿದರೆ ಡೆಬಿಯನ್ನಿನಲ್ಲೂ ವೇಷ ಮತ್ತೆ ಏರುತ್ತದೆ, ನಿಜ. ಆದರೆ ಕನ್ನಡವಾಗಿ ಕಾಣುವುದು ಬೇರೆ, ಕನ್ನಡವೇ ಆಗಿರುವುದು ಬೇರೆ. ಅದರಲ್ಲಿ 'ಅಮ್ಮ' ಎಂದು ಹುಡುಕಿದರೆ ಸಿಗುವುದಿಲ್ಲ, ಊರಿನ ತಂಗಿಯ ಮೊಬೈಲಿಗೆ ಕಳಿಸಿದರೆ ಕಾಣುವುದಿಲ್ಲ. ಆ ಅಕ್ಷರಶೈಲಿಗಳನ್ನು ಮಾಡಿದವರನ್ನು ನಾನು ದೂರುವುದಿಲ್ಲ. ಇದ್ದ ಇಕ್ಕಟ್ಟಿನ ಜಾಗದಲ್ಲಿ ನಮ್ಮ ಲಿಪಿಗೆ ಸಂಸಾರ ಹೂಡಿಕೊಟ್ಟವರು ಅವರು. ಆದರೆ 1991ರಿಂದಲೇ ಯೂನಿಕೋಡಿನಲ್ಲಿ ಕನ್ನಡಕ್ಕೆ ಸ್ವಂತ ಮನೆ ಇದೆ. ಬಾಡಿಗೆ ಖೋಲಿ ಬಿಟ್ಟು ಸ್ವಂತ ಮನೆಗೆ ಸಾಮಾನು ಸಾಗಿಸದೆ ಕೂತವರು ನಾವು.

ಬಳಗದ ಹಿರಿಯರೊಬ್ಬರು, ವಿಜಾಪುರ ಕಡೆಯವರು, ನಮ್ಮ ಗಡಿಬಿಡಿ ನೋಡಿ ಅಂದರು: "ಏನ್ ತಮ್ಮಾ, ಇದ್ದದ್ದ ಛಲೋ ನಡದಿತ್ತಲ್ಲ. ಹೊಸಾದು ತಂದು ಹಳೇದನ್ನ ಕೆಡಸಿದ್ರಿ."

"ನಾವು ಕೆಡಿಸಿಲ್ಲ ಸರ್, ಕೆಟ್ಟಿದ್ದು ಈಗ ಗೊತ್ತಾಯ್ತು" ಎಂದೆ. ಅವರಿಗೆ ಪೂರಾ ಒಪ್ಪಿಗೆಯಾಗಲಿಲ್ಲ. ಆದರೂ ಮರುದಿನದಿಂದ ನಾಲ್ಕು ಸಂಜೆ ಕನ್ನಡಕ ಏರಿಸಿ ಪಕ್ಕದಲ್ಲಿ ಕೂತರು. ಪರಿವರ್ತಕ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ. ಅವು ಬಹುಪಾಲು ಸರಿಯಾಗಿ ಯೂನಿಕೋಡಿಗೆ ತಿರುಗಿಸುತ್ತವೆ, ಪೂರ್ತಿ ಅಲ್ಲ. ಅಲ್ಲಲ್ಲಿ ಅರ್ಕಾವೊತ್ತು ಜಾಗ ತಪ್ಪಿತು. ಬರಹದ ನಡುವೆ ನಿಜವಾಗಿ ಇಂಗ್ಲಿಷಿನಲ್ಲೇ ಇದ್ದ ಪದಗಳು ಕೂಡ ಅರ್ಥವಿಲ್ಲದ ಕನ್ನಡವಾದವು. ಕೂತು ಓದಿ ತಿದ್ದಲು ಮನುಷ್ಯರೇ ಬೇಕು. ದಾದರಿನ ಆ ಹಿರಿಯರ ನಾಲ್ಕು ಪುಟ ಈಗ ಓದಲು ಬರುತ್ತದೆ. ರಾತ್ರಿ ಹತ್ತಕ್ಕೆ ಶಾಲೆ ಬಿಟ್ಟು ಹೋಟೆಲಿಗೆ ಮರಳಿ, ಮಸಾಲೆ ರುಬ್ಬುವ ಕಲ್ಲಿನ ಪಕ್ಕ ಚಾಪೆ ಹಾಸಿ ಪಾಠ ಓದಿದ್ದನ್ನು ಬರೆದಿದ್ದಾರೆ. ಮುಂದಿನ ಸಂಚಿಕೆಯಲ್ಲಿ ಅದನ್ನು ಮತ್ತೆ ಹಾಕಬೇಕೆಂದು ಸಂಪಾದಕರಲ್ಲಿ ಈ ಮೂಲಕ ಕೇಳಿಕೊಳ್ಳುತ್ತೇನೆ.

ಇನ್ನು ನನ್ನ ಓರಗೆಯವರ ಆಕ್ಷೇಪ. "ಬರೆಯೋದಕ್ಕೆ ಕನ್ನಡ ಇದ್ರೆ ಸಾಕು, ಮೆನು ಯಾಕೆ ಕನ್ನಡದಲ್ಲಿ? ಯಾರಿಗೆ ಅರ್ಥ ಆಗುತ್ತೆ?" ಈ ಮಾತಿನಲ್ಲಿ ಸ್ವಲ್ಪ ಸತ್ಯವಿದೆ. ಅನುವಾದ ಅರ್ಧಂಬರ್ಧ: ಒಂದು ಸಾಲು ಕನ್ನಡ, ಮುಂದಿನ ಸಾಲು ಇಂಗ್ಲಿಷ್. 'ಕಡತ', 'ಕಡತಕೋಶ' ತಾಲೂಕು ಕಚೇರಿಯ ವಾಸನೆ ಹೊಡೆಯುತ್ತವೆ. ತಿದ್ದುವುದಕ್ಕೆ 'ಸಂಪಾದನೆ' ಎಂದಿರುವುದನ್ನು ಕಂಡು ನನ್ನ ಕಾರ್ಕಳದ ಗೆಳೆಯ "ಇದ್ರಲ್ಲಿ ತಿಂಗಳಿಗೆ ಎಷ್ಟು ಸಂಪಾದನೆ ಉಂಟು?" ಎಂದು ನಕ್ಕ. ನಾನೂ ನಕ್ಕೆ. ಆದರೆ ಆ ಪದಗಳನ್ನು ಯಾರೋ ಒಬ್ಬಿಬ್ಬರು ರಾತ್ರಿ ನಿದ್ದೆಗೆಟ್ಟು, ದುಡ್ಡಿಲ್ಲದೆ, ನಮಗಾಗಿ ಬರೆದಿದ್ದಾರೆ. ಸರಿಯಿಲ್ಲವೆಂದರೆ ತಿದ್ದಿ ಕಳಿಸಲು ದಾರಿ ತೆರೆದಿದೆ. ಡೆಬಿಯನ್ನಿನಂಥ ಸಿಸ್ಟಮ್ಮಿನ ದೊಡ್ಡಗುಣವೇ ಅದು. ಪದಸಂಪತ್ತಿನ ಬಗ್ಗೆ ಗಂಟೆಗಟ್ಟಲೆ ವಾದಿಸುವ ಸಾಹಿತ್ಯದ ವಿದ್ಯಾರ್ಥಿಗಳಾದ ನಾವು 'ಸಂಪಾದನೆ'ಗಿಂತ ಚೆನ್ನಾದ ಒಂದು ಪದ ಕೊಡಲಾರೆವೆ? ವಿಂಡೋಸಿನಲ್ಲೂ ಕನ್ನಡವಿದೆ, ಇಲ್ಲವೆನ್ನುವುದಿಲ್ಲ. ಅಲ್ಲಿ ಒಳಗೆ ಕೈಹಾಕಿ ತಿದ್ದುವ ಹಕ್ಕು ನಮಗಿಲ್ಲ, ಇಲ್ಲಿ ಇದೆ, ಅಷ್ಟೆ. ಹಕ್ಕಿದ್ದೂ ದುಡಿಯದೆ ಬರೀ ನಗುವವರಿಗೆ ನವೆಂಬರಿನಲ್ಲಿ ಬಾವುಟ ಹಾರಿಸುವ ಹಕ್ಕು ಎಲ್ಲಿಂದ ಬರಬೇಕು?

ನನ್ನ ಅಭಿಪ್ರಾಯ ಇಷ್ಟು. ಯಂತ್ರಕ್ಕೆ ಹೊಸ ಸಿಸ್ಟಂ ಹಾಕುವುದನ್ನು ಇಂಜಿನಿಯರಿಂಗ್ ಹುಡುಗರ ಕೆಲಸ ಎಂದು ಬಿಟ್ಟುಕೊಡಬಾರದು. ಭಾಷೆ ಯಾವುದು ಎಂದು ಯಂತ್ರ ಕೇಳುವ ಹೊತ್ತಿಗೆ ಕನ್ನಡ ಬಲ್ಲವನೊಬ್ಬ ಎದುರಿಗೆ ಕೂತಿರಬೇಕು. ಕಂಪ್ಯೂಟರ್ ಬದಲಾಯಿಸುವಾಗ ಕಡತಗಳನ್ನು ನಕಲು ಮಾಡಿದರೆ ಸಾಲದು, ತೆರೆದು ಓದಿ ನೋಡಬೇಕು. ಮುಂಬಯಿಯಲ್ಲಿ ಕನ್ನಡ ಸಂಘಗಳು ಬೇಕಾದಷ್ಟಿವೆ. ಅವುಗಳ ಸ್ಮರಣ ಸಂಚಿಕೆ, ಅಧ್ಯಕ್ಷರ ಭಾಷಣ, ನಾಟಕದ ಪ್ರತಿ ಇತ್ಯಾದಿ ಇಪ್ಪತ್ತು ಇಪ್ಪತ್ತೈದು ವರ್ಷಗಳ ಬರಹ ಹೀಗೇ ವೇಷದೊಳಗೆ ಸಿಕ್ಕಿಕೊಂಡಿರುವ ಸಂಭವ ಬಹಳ. ಓದಿ ತಿದ್ದಬಲ್ಲ ಹಿರಿಯರು ಇರುವಾಗಲೇ ಅದನ್ನು ಬಿಡಿಸಿಕೊಳ್ಳಬೇಕು.

ಡೆಬಿಯನ್ 13ಕ್ಕೆ 2030ರ ತನಕ ಆಸರೆ ಇದೆ. ಅಷ್ಟರೊಳಗೆ ನಮ್ಮ ಬಳಗದ ಎಲ್ಲ ಹಳೆಯ ಸಂಚಿಕೆಗಳನ್ನು ತಿರುಗಿಸಿ ಮುಗಿಸಬಹುದೆಂದು ನನ್ನ ಲೆಕ್ಕ. ಶನಿವಾರ ಸಂಜೆ ಆರರಿಂದ ಎಂಟರವರೆಗೆ ಕೋಣೆ ತೆರೆದಿರುತ್ತದೆ. ಹಳೆಯ ಸಿ.ಡಿ., ಪೆನ್‌ಡ್ರೈವ್ ಏನಿದ್ದರೂ ತನ್ನಿ. ಕಂಪ್ಯೂಟರ್ ಗೊತ್ತಿಲ್ಲದವರೂ ಬನ್ನಿ. ಅರ್ಕಾವೊತ್ತು ಎಲ್ಲಿ ಬರಬೇಕೆಂದು ಗೊತ್ತಿದ್ದರೆ ಸಾಕು. ಚಹಾದ ಖರ್ಚು ಬಳಗದ್ದು.