ಹಿಂಡಿ ನೋಡದೆ ಹಸು ಕೊಳ್ಳೋರು ಯಾರು?

ಈ ಸಲ ಕಾಳುಮೆಣಸು ಮಾರಿದ ದುಡ್ಡಲ್ಲಿ ಎಂಟೂವರೆ ಸಾವಿರ ಬೇರೆ ತೆಗೆದಿಟ್ಟಿದ್ದೀನಿ. ಹಳೇ ಯಾಶಿಕಾ ಎಲೆಕ್ಟ್ರೋ 35 ಕೊಳ್ಳೋಣ ಅಂತ. ರೀಲ್ ಹಾಕೋ ಕ್ಯಾಮೆರಾ. ಸೊಸೈಟಿ ಕಟ್ಟೆ ಮೇಲೆ ಈ ಮಾತು ಬಂದದ್ದೇ ತಡ, ಒಬ್ಬರು "ತೋಟದಲ್ಲಿ ಮಣ್ಣು ಹೊರೋನಿಗೆ ಯಾಕೋ ಈ ಶೋಕಿ" ಅಂದರು. ಅವರ ಮನೇಲಿ ವರ್ಷಕ್ಕೊಂದು ಮೊಬೈಲ್ ಬದಲಾಗುತ್ತೆ. ಅದು ಶೋಕಿ ಅಲ್ವಂತೆ, ಅವಶ್ಯಕತೆಯಂತೆ! ರೈತ ಕೊಂಡದ್ದೆಲ್ಲ ಲಾಭ ತರಲೇಬೇಕು ಅಂತ ಕಾನೂನು ಯಾರು ಮಾಡಿದ್ದು? ಹೋಗ್ಲಿ ಬಿಡಿ. ನನ್ನ ಜಗಳ ಇರೋದು ಮಾರೋರ ಜೊತೆ.

ಅವರ ಭಾಷೆ ನೋಡಿ. "ವಿಂಟೇಜ್ ಪೀಸ್ ಸಾರ್, ಈಗ ಇಂಥದ್ದು ಬರಲ್ಲ." ಸರಿ, ಓಡುತ್ತಾ? "ಟೆಸ್ಟ್ ಮಾಡಿಲ್ಲ ಸಾರ್." ಟೆಸ್ಟ್ ಮಾಡಿಲ್ಲ ಅಂದ್ರೆ ಮಾಡಿ ನೋಡಿದ್ದಾನೆ, ಓಡಿಲ್ಲ ಅಂತಲೇ ನಾನು ತಿಳ್ಕೊಳ್ಳೋದು. ಹಿಂಡಿ ನೋಡದೆ ಹಸು ಕೊಳ್ತೀವಾ? ಸ್ಟಾರ್ಟ್ ಮಾಡಿಸದೆ ಹಳೇ ಟಿಲ್ಲರಿಗೆ ಮುಂಗಡ ಕೊಡ್ತೀವಾ? ವಯಸ್ಸಾದ ಮಾತ್ರಕ್ಕೆ ಬೆಲೆ ಬರೋದಾದ್ರೆ ನನ್ನ ಮಂಡಿಗೂ ಗಿರಾಕಿ ಸಿಗಬೇಕಿತ್ತು.

ಈ ಮಾಡೆಲ್ ಜಪಾನಲ್ಲಿ 1966ರಲ್ಲಿ ಶುರುವಾದದ್ದು. ರೇಂಜ್‌ಫೈಂಡರ್ ಜಾತಿ. ಕಿಂಡಿಯಲ್ಲಿ ನೋಡಿದ್ರೆ ನಡುವೆ ಹಳದಿ ಗುರುತು, ಅದರೊಳಗೆ ಬಿಂಬ ಎರಡಾಗಿ ಕಾಣುತ್ತೆ. ಲೆನ್ಸಿನ ಬಳೆ ತಿರುಗಿಸಿ ಎರಡನ್ನೂ ಒಂದರ ಮೇಲೊಂದು ಕೂರಿಸಿದ್ರೆ ಫೋಕಸ್ ಆಯ್ತು. ದೂರದ ಗುಡ್ಡ ನೋಡ್ತಾ ಬಳೆಯನ್ನ ಕೊನೇ ಗುರುತಿನ ತನಕ ತಿರುಗಿಸಿ. ಆಗಲೂ ಗುಡ್ಡ ಎರಡಿದ್ರೆ ಲೆಕ್ಕ ತಪ್ಪಿದೆ. ರೀಲ್ ಮುಂದೆ ತಳ್ಳೋ ಲಿವರ್ ಎಳೆದಾಗ ಒಳಗೆ 'ಟಕ್' ಅನ್ನಬೇಕು. ಅನ್ನದಿದ್ರೆ ಒಳಗಿನ ಸಣ್ಣ ರಬ್ಬರ್ ಹೋಗಿದೆ, ಬೆಳಕಿನ ಅಂದಾಜೂ ಕೆಟ್ಟಂಗೆ. ಅದಕ್ಕೆ ಹಾಕೋ 5.6 ವೋಲ್ಟಿನ ಪಾದರಸದ ಸೆಲ್ಲು ಈಗ ಬರಲ್ಲ, 6 ವೋಲ್ಟಿನದ್ದಕ್ಕೆ ಅಡಾಪ್ಟರ್ ಬೇಕು. ಸೆಲ್ಲೇ ಇಲ್ಲದಿದ್ರೂ ಶಟರ್ ಬೀಳುತ್ತೆ, ಆದ್ರೆ ಸೆಕೆಂಡಿನ ಐನೂರನೇ ಒಂದು ಭಾಗದ ವೇಗ ಒಂದರಲ್ಲೇ. "ನೋಡಿ ಸಾರ್, ಕ್ಲಿಕ್ ಆಗ್ತಿದೆ" ಅಂತ ಕೇಳಿಸಿ ಮಾರೋದು ಇದನ್ನೇ ಕಣ್ರಿ!

ಎಲ್ಲಕ್ಕಿಂತ ಹೆದರಿಕೆ ಬೂಷ್ಟಿಂದು. ನಮ್ಮ ಮಲೆನಾಡ ಮಳೇಲಿ ಚಪ್ಪಲಿಗೂ ಬರುತ್ತೆ, ಲೆನ್ಸಿನ ಒಳಗೂ ಬರುತ್ತೆ, ಜೇಡರ ಬಲೆ ಥರ. ಟಾರ್ಚ್ ಬಿಟ್ಟು ನೋಡಿದ್ರೆ ಮಾತ್ರ ಕಾಣೋದು. ಅಡಿಕೆ ಕೊಳೆಗೆ ಮೈಲುತುತ್ತ, ಸುಣ್ಣ ಸೇರಿಸಿ ಬೋರ್ಡೋ ಹೊಡೀಬಹುದು. ಲೆನ್ಸಿಗೆ ಏನು ಹೊಡೀತೀರಿ?

ಇಷ್ಟೆಲ್ಲ ಗೊತ್ತಿದ್ದೂ ಯಾಕೆ ಬೇಕು ಅಂತ ಮನೆಯವಳು ಕೇಳಿದ್ಲು. ನ್ಯಾಯವಾದ ಪ್ರಶ್ನೆ. ರೀಲು, ತೊಳೆಯೋದು, ಸ್ಕ್ಯಾನು ಸೇರಿ ಒಂದೂವರೆ ಸಾವಿರದ ಹತ್ತಿರ ಅಂದಿದ್ದಾರೆ. 36 ಫೋಟೋ. ಒಂದು ಸಲ ಒತ್ತಿದ್ರೆ ನಲವತ್ತು ರೂಪಾಯಿ.

1988ರಲ್ಲಿ ಅಕ್ಕನ ಮದುವೆಗೆ ಮುಂಬೈಯಿಂದ ದೊಡ್ಡಪ್ಪನ ಮಗ ಇದೇ ಕ್ಯಾಮೆರಾ ತಂದಿದ್ದ. ರೀಲು ಪೂರ್ತಿ ಹೊಡೆದ, ಲೆನ್ಸಿನ ಮುಚ್ಚಳ ತೆಗೆಯದೆ. ಇದರಲ್ಲಿ ನೋಡೋ ಕಿಂಡಿ ಬೇರೆ, ಲೆನ್ಸು ಬೇರೆ. ಮುಚ್ಚಿದ್ರೂ ಕಿಂಡಿಯಲ್ಲಿ ಎಲ್ಲ ಚೆಂದ ಕಾಣುತ್ತೆ. ಅಪ್ಪ ಧಾರೆ ಎರೆದ ಫೋಟೋ ಒಂದೂ ಇಲ್ಲ. ಅದೇ ಮಳೆಗಾಲದಲ್ಲಿ ಅಪ್ಪ ಹೋದ್ರು. ಬರೋ ವೈಶಾಖಕ್ಕೆ ನನ್ನ ಮಗಳ ಮದುವೆ. ಮೊಬೈಲಲ್ಲಿ ನೂರು ಜನ ತೆಗೀತಾರೆ, ತೆಗೀಲಿ. ಧಾರೆ ಎರೆಯೋನು ನಾನೇ ಆದ್ದರಿಂದ ಈ ಕ್ಯಾಮೆರಾ ಅಕ್ಕನ ಕೈಯಲ್ಲಿ ಇರಬೇಕು ಅಂತ ಆಸೆ. ಮುಚ್ಚಳ ನಾನೇ ತೆಗೆದು ಜೇಬಲ್ಲಿ ಇಟ್ಕೊಳ್ತೀನಿ.

ಮಾರೋನಿಗೆ ಹೇಳಿದೆ: ಒಂದು ರೀಲಿನ ಖರ್ಚು, ತೊಳೆಸೋದು ಎಲ್ಲ ನಂದು. ಫೋಟೋ ಬಂದ್ರೆ ನೀನು ಕೇಳಿದ ಎಂಟೂವರೆ, ಚೌಕಾಸಿ ಇಲ್ಲ. ಬರದಿದ್ರೆ ನಿನ್ನ ವಿಂಟೇಜು ನಿನ್ನ ಹತ್ರ. "ಹಂಗೆಲ್ಲ ಆಗಲ್ಲ ಸಾರ್, ಬೇರೆ ಪಾರ್ಟಿ ಇದಾರೆ" ಅಂದ. ಅವರಿಗೇ ಕೊಡಪ್ಪ ಅಂತ ಫೋನಿಟ್ಟೆ.

ಶಿವಮೊಗ್ಗದಲ್ಲಿ ಸ್ಟುಡಿಯೋ ಮುಚ್ಚಿದ ಹಿರಿಯರೊಬ್ಬರ ಹತ್ರ ಒಂದಿದೆಯಂತೆ. ಶನಿವಾರ ಟಾರ್ಚ್ ತಗೊಂಡು ಹೋಗ್ತಿದ್ದೀನಿ.