ಹೆಸರಿಗಿಂತ ದಾರಿ ಮುಖ್ಯ

ಸೂಕ್ಷ್ಮಜೀವಿವಿಜ್ಞಾನವನ್ನು ಅಭ್ಯಾಸಮಾಡುವ ಕಾಲೇಜು ವಿದ್ಯಾರ್ಥಿಗೆ ಒಂದು ದಿನ ಪ್ರನಾಳವೊಂದನ್ನು ಕೊಡುತ್ತಾರೆ. ಅದರ ಮೇಲೆ ಹೆಸರಿಲ್ಲ. ಒಂದು ಸಂಖ್ಯೆ ಮಾತ್ರ ಉಂಟು. ಒಳಗೆ ಬೆಳೆದಿರುವ ಬ್ಯಾಕ್ಟೀರಿಯ ಯಾವುದೆಂಬುದನ್ನು ಅವನು ಪರೀಕ್ಷೆಗಳಿಂದ ಕಂಡುಹಿಡಿದು ಹೇಳಬೇಕು. ಜೀವಿಯ ಜೀನುಗಳನ್ನೇ ಓದಬಲ್ಲ ಯಂತ್ರಗಳು ಬಂದಿರುವಾಗ, ಬಣ್ಣ ಹಾಕಿ, ಸಕ್ಕರೆ ಉಣಿಸಿ, ದಿನಗಟ್ಟಲೆ ಕಾಯುವ ಈ ಹಳೆಯ ಅಭ್ಯಾಸವೇಕೆ ಎಂದು ಕೆಲವರು ಕೇಳುತ್ತಾರೆ. ಪ್ರಶ್ನೆ ಸಹಜವಾದುದೇ. ಆದರೆ ಈ ಅಭ್ಯಾಸವನ್ನು ಕೈಬಿಡಬಾರದೆಂದೂ, ಅದಕ್ಕೆ ಅಂಕ ಕೊಡುವ ಕ್ರಮವನ್ನು ಮಾತ್ರ ಬದಲಾಯಿಸಬೇಕೆಂದೂ ನಮ್ಮ ಅಭಿಪ್ರಾಯ.

ಮೊದಲು ಕೆಲಸದ ರೀತಿಯನ್ನು ನೋಡೋಣ. ನಮ್ಮ ಕರುಳಿನಲ್ಲಿ ಸಾಮಾನ್ಯವಾಗಿ ಯಾವ ಉಪದ್ರವವನ್ನೂ ಮಾಡದೆ ವಾಸಿಸುವ ಎಷೆರಿಷಿಯ ಕೋಲೈ, ವಿಷಮಶೀತಜ್ವರವನ್ನು ತರುವ ಸಾಲ್ಮೊನೆಲ್ಲ ಟೈಫಿ ಇವೆರಡೂ ಸೂಕ್ಷ್ಮದರ್ಶಕದಲ್ಲಿ ಒಂದೇ ತೆರನಾದ ಪುಟ್ಟ ಕಡ್ಡಿಗಳಂತೆ ಕಾಣುತ್ತವೆ. ಡೆನ್ಮಾರ್ಕಿನ ವೈದ್ಯ ಹಾನ್ಸ್ ಕ್ರಿಶ್ಚಿಯನ್ ಗ್ರಾಂ 1884ರಲ್ಲಿ ಪ್ರಕಟಿಸಿದ ವಿಧಾನವನ್ನನುಸರಿಸಿ ಬಣ್ಣ ಹಾಕಿದರೂ ಭೇದ ತಿಳಿಯುವುದಿಲ್ಲ. ಎರಡೂ ಮೊದಲು ಹೀರಿದ ನೇರಳೆ ಬಣ್ಣವನ್ನು ಮದ್ಯಸಾರದಲ್ಲಿ ಕಳೆದುಕೊಂಡು, ಅನಂತರ ಹಾಕಿದ ಸಾಫ್ರನಿನ್ನಿನ ಕೆಂಪನ್ನು ತಳೆಯುತ್ತವೆ. ಆದುದರಿಂದ ಜೀವಿಯು ಹೇಗೆ ಕಾಣುತ್ತದೆಂಬುದರ ಜೊತೆಗೆ, ಅದು ಏನು ಮಾಡುತ್ತದೆಂಬುದನ್ನೂ ವಿಚಾರಿಸಬೇಕಾಗುತ್ತದೆ.

ಮೆಕಾಂಕಿ ಎಂಬ ಪೋಷಕ ಮಾಧ್ಯಮದಲ್ಲಿ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಇರುತ್ತದೆ. ಕೋಲೈ ಅದನ್ನು ಹುದುಗಿಸಿ ಆಮ್ಲವನ್ನುಂಟುಮಾಡುವುದರಿಂದ ಅದರ ಗುಂಪುಗಳು ಗುಲಾಬಿ ಬಣ್ಣ ತಾಳುತ್ತವೆ. ಟೈಫಿಯ ಗುಂಪುಗಳಿಗೆ ಬಣ್ಣವಿಲ್ಲ. ಟ್ರಿಪ್ಟೊಫ್ಯಾನ್ ಎಂಬ ಅಮೈನೊ ಆಮ್ಲವನ್ನು ಒಡೆದು ಇಂಡೋಲ್ ತಯಾರಿಸುವ ಶಕ್ತಿಯೂ ಕೋಲೈಗುಂಟು, ಟೈಫಿಗಿಲ್ಲ. ಆದರೆ ಆಮಶಂಕೆಯನ್ನು ತರುವ ಷಿಗೆಲ್ಲ ಸಹ ಮೆಕಾಂಕಿಯ ಮೇಲೆ ಸಾಮಾನ್ಯವಾಗಿ ಬಣ್ಣವಿಲ್ಲದೆಯೇ ಬೆಳೆಯುತ್ತದೆ. ಆಗ ಜೀವಿಗೆ ಚಲನೆಯುಂಟೆ ಎಂದು ನೋಡಬೇಕು: ಟೈಫಿ ಈಜುತ್ತದೆ, ಷಿಗೆಲ್ಲ ಈಜುವುದಿಲ್ಲ. ಕೊನೆಗೆ, ಆಯಾ ಜೀವಿಗೆಂದೇ ಸಿದ್ಧಪಡಿಸಿದ ಪ್ರತಿರಕ್ತಸಾರದೊಡನೆ ಬೆರೆಸಿ, ಅದು ಹೆಪ್ಪುಗಟ್ಟಿದಂತೆ ಗುಂಪುಗೂಡುವುದೇ ಎಂದು ಪರೀಕ್ಷಿಸಬೇಕು. ಹೀಗೆ ಒಂದೊಂದು ಪರೀಕ್ಷೆಯೂ ಕೆಲವು ಹೆಸರುಗಳನ್ನು ಪಟ್ಟಿಯಿಂದ ತೆಗೆದುಹಾಕುತ್ತದೆ. ಯಾವ ಒಂದು ಪರೀಕ್ಷೆಯೂ ತಾನೇ ತೀರ್ಪು ಕೊಡಲಾರದು.

ಪರೀಕ್ಷೆಗಳೂ ಮೋಸಮಾಡುವುದುಂಟು. ನೇರಳೆಯನ್ನು ಉಳಿಸಿಕೊಳ್ಳಬೇಕಾದ ಜೀವಿಯೂ, ಬೆಳೆಸಿ ಬಹಳ ದಿನಗಳಾಗಿದ್ದರೆ, ಅಥವಾ ಮದ್ಯಸಾರ ಹೆಚ್ಚು ಹೊತ್ತು ತಗುಲಿದರೆ, ಕೆಂಪಾಗಿ ಕಂಡೀತು. ಹೈಡ್ರೊಜನ್ ಪೆರಾಕ್ಸೈಡಿನಲ್ಲಿ ನೊರೆ ಎದ್ದರೆ ಜೀವಿಯಲ್ಲಿ ಕ್ಯಾಟಲೇಸ್ ಕಿಣ್ವವಿದೆಯೆಂದು ತಿಳಿಯುತ್ತೇವೆ. ಆದರೆ ರಕ್ತ ಬೆರೆಸಿದ ಮಾಧ್ಯಮದಿಂದ ಜೀವಿಯನ್ನೆತ್ತುವಾಗ ರಕ್ತಕಣಗಳೂ ಅಂಟಿಬಂದರೆ, ಅವುಗಳಿಂದಲೂ ನೊರೆ ಏಳುತ್ತದೆ. ಪ್ರನಾಳದಲ್ಲಿ ಎರಡು ಜೀವಿಗಳು ಬೆರೆತಿದ್ದರಂತೂ ಎಲ್ಲ ಉತ್ತರಗಳೂ ಕಲಸಿಹೋಗುತ್ತವೆ. ಆದ್ದರಿಂದಲೇ ಮೊದಲು ಜೀವಿಯನ್ನು ಬೇರ್ಪಡಿಸಿ ಶುದ್ಧವಾಗಿ ಬೆಳೆಸುವುದು, ಪ್ರತಿ ಪರೀಕ್ಷೆಯಲ್ಲಿಯೂ ಹೆಸರು ಗೊತ್ತಿರುವ ಜೀವಿಯೊಂದನ್ನು ಪಕ್ಕದಲ್ಲಿಟ್ಟು ಹೋಲಿಸುವುದು ಅವಶ್ಯಕ.

ಇನ್ನು ಅಂಕದ ಮಾತು. ಕೊನೆಯಲ್ಲಿ ಬರೆದ ಹೆಸರು ಸರಿಯಾಗಿದ್ದರೆ ಮಾತ್ರ ಅಂಕ ಎಂದಾಗ ಏನಾಗುತ್ತದೆ? ಲ್ಯಾಕ್ಟೋಸನ್ನು ನಿಧಾನವಾಗಿ ಹುದುಗಿಸುವ, ಇಲ್ಲವೆ ಹುದುಗಿಸದೆಯೇ ಇರುವ ಕೋಲೈ ತಳಿಗಳೂ ಇವೆ. ಅಂಥ ತಳಿ ಸಿಕ್ಕಿದ ವಿದ್ಯಾರ್ಥಿಯು ಬಣ್ಣವಿಲ್ಲದ ಗುಂಪುಗಳನ್ನು ಕಣ್ಣಾರೆ ಕಂಡು, ಪುಸ್ತಕದ ಪಟ್ಟಿಗೆ ಅದು ಹೊಂದಲಿಲ್ಲವೆಂದು ಹೆದರಿ, 'ಗುಲಾಬಿ' ಎಂದು ಬರೆದುಬಿಡುತ್ತಾನೆ. ಹೆಸರು ಸರಿಹೋಗುತ್ತದೆ, ಅಂಕವೂ ದೊರೆಯುತ್ತದೆ. ಆದರೆ ಕಂಡುದನ್ನು ಬಿಟ್ಟು ಕಾಣಬೇಕಾದುದನ್ನು ಬರೆಯುವ ಕೆಟ್ಟ ಪಾಠವನ್ನು ಅವನು ಅಂದು ಕಲಿತ ಹಾಗಾಯಿತು. ನಾಳೆ ಅವನೇ ಆಸ್ಪತ್ರೆಯ ಪ್ರಯೋಗಶಾಲೆಯಲ್ಲಿ ಕುಳಿತಾಗ, ಅವನ ಬರಹವನ್ನು ನಂಬಿ ವೈದ್ಯರು ಜ್ವರಪೀಡಿತನಿಗೆ ಔಷಧವನ್ನು ಆರಿಸುತ್ತಾರೆ ಎಂಬುದನ್ನು ಮರೆಯಬಾರದು.

ಯಂತ್ರಗಳಿದ್ದ ಮಾತ್ರಕ್ಕೆ ಈ ಹೊಣೆ ತಪ್ಪುವುದಿಲ್ಲ. ಬ್ಯಾಕ್ಟೀರಿಯದ ಪ್ರೋಟೀನುಗಳ ತೂಕವನ್ನಳೆದು ಕೆಲವೇ ನಿಮಿಷಗಳಲ್ಲಿ ಹೆಸರು ಹೇಳುವ ಯಂತ್ರ ಇಂದು ದೊಡ್ಡ ಆಸ್ಪತ್ರೆಗಳಲ್ಲಿದೆ. ಅದರ ಉಪಕಾರ ದೊಡ್ಡದು. ಆದರೂ ಅದು ತನ್ನಲ್ಲಿರುವ ಮಾದರಿಗಳೊಡನೆ ಹೋಲಿಸಿ ಹೇಳುವುದಷ್ಟೆ. ಕೋಲೈಯನ್ನೂ ಷಿಗೆಲ್ಲವನ್ನೂ ಬೇರ್ಪಡಿಸುವಾಗ, ಅವು ಅಷ್ಟು ಹತ್ತಿರದ ಬಂಧುಗಳಾದುದರಿಂದ, ಅದು ತಡವರಿಸುತ್ತದೆ. ಆಗ ಚಲನೆ, ಲ್ಯಾಕ್ಟೋಸ್, ಪ್ರತಿರಕ್ತಸಾರಗಳ ಹಳೆಯ ಪರೀಕ್ಷೆಗಳನ್ನೇ ಮತ್ತೆ ಆಶ್ರಯಿಸಬೇಕಾಗುತ್ತದೆ. ಯಂತ್ರದ ಮಾತನ್ನು ಯಾವಾಗ ಸಂದೇಹಿಸಬೇಕೆಂಬುದನ್ನು ಕೈಯಿಂದ ಕೆಲಸಮಾಡಿದವನೇ ಬಲ್ಲ.

ಆದುದರಿಂದ ಅಂಕಗಳಲ್ಲಿ ಹೆಚ್ಚಿನ ಪಾಲು ದಾಖಲೆಯ ಪುಸ್ತಕಕ್ಕೆ ಸಲ್ಲಲಿ ಎಂದು ಅಧ್ಯಾಪಕರಲ್ಲಿ ನಮ್ಮ ಬಿನ್ನಹ. ಯಾವ ಪರೀಕ್ಷೆಯನ್ನು ಏಕೆ ಮಾಡಿದೆ, ಏನನ್ನು ಕಂಡೆ, ಯಾವುದು ಹೊಂದಲಿಲ್ಲ, ಅದನ್ನು ಮತ್ತೊಮ್ಮೆ ಮಾಡಿ ನೋಡಿದೆನೆ ಎಂಬುದನ್ನು ವಿದ್ಯಾರ್ಥಿ ಬರೆದಿದ್ದರೆ, ಹೆಸರು ತಪ್ಪಾಗಿದ್ದರೂ ಅವನು ವಿಜ್ಞಾನವನ್ನು ಕಲಿತಿದ್ದಾನೆ. ವಿದ್ಯಾರ್ಥಿಗಳಿಗೂ ಒಂದು ಮಾತು: ತಟ್ಟೆಯಲ್ಲಿ ಕಂಡ ಬಣ್ಣವನ್ನೇ ಬರೆಯಿರಿ. ಪಟ್ಟಿಗೆ ಹೊಂದದ ಉತ್ತರ ಬಂದಾಗ ಪಕ್ಕದವನ ಪುಸ್ತಕವನ್ನು ನೋಡದೆ, ಹೊಸ ಪ್ರನಾಳವೊಂದನ್ನು ತೆಗೆದುಕೊಂಡು ಪರೀಕ್ಷೆಯನ್ನು ಮತ್ತೆ ಮಾಡಿರಿ.