ನಿಲ್ಲಬೇಡಿ ಎನ್ನುವವರು ಎಲ್ಲಿ ಇಳಿಯಬೇಕೆಂದೂ ಹೇಳಲಿ

ಮೈಸೂರಿನಿಂದ ಎಚ್.ಡಿ. ಕೋಟೆ, ಅಂತರಸಂತೆ ದಾಟಿ ಮಾನಂದವಾಡಿಗೆ ಹೋಗುವ ರಸ್ತೆ ಕಬಿನಿ ಹಿನ್ನೀರಿಗೆ ಹತ್ತಿರವಾಗಿ ಸಾಗಿ, ನಾಗರಹೊಳೆ ಕಾಡನ್ನು ಹೊಕ್ಕು, ಬಾವಲಿಯಲ್ಲಿ ಕೇರಳ ಸೇರುತ್ತದೆ. ಸಂಜೆ ಆರರಿಂದ ಬೆಳಿಗ್ಗೆ ಆರರವರೆಗೆ ಇಲ್ಲಿ ಸಂಚಾರ ಬಂದ್. ಹಗಲಿನಲ್ಲಿ ಹೋಗಬಹುದು, ಕಾಡಿನ ನಡುವೆ ನಿಲ್ಲುವಂತಿಲ್ಲ. ರಜೆ ಬಂತೆಂದರೆ ಕಾರುಗಳು ನಿಂತೇ ನಿಲ್ಲುತ್ತವೆ. ಬುತ್ತಿ ಬಿಚ್ಚುತ್ತಾರೆ, ಮಕ್ಕಳನ್ನು ಇಳಿಸುತ್ತಾರೆ, ಜಿಂಕೆಗೆ ಚಿಪ್ಸ್ ಎಸೆಯುತ್ತಾರೆ, ಆನೆ ಕಂಡರೆ ಮೊಬೈಲ್ ಎತ್ತುತ್ತಾರೆ.

ಇದರ ಅಪಾಯ ಗೊತ್ತಿಲ್ಲದ್ದೇನಲ್ಲ. 2025ರ ಆಗಸ್ಟ್‌ನಲ್ಲಿ ಪಕ್ಕದ ಬಂಡೀಪುರದ ರಸ್ತೆಯಲ್ಲಿ ಆನೆಯ ಫೋಟೊಗೆಂದು ಹತ್ತಿರ ಹೋದವರೊಬ್ಬರು ಅದರ ಕಾಲಡಿಗೆ ಬಿದ್ದೂ ಬದುಕಿಕೊಂಡರು. ಅರಣ್ಯ ಇಲಾಖೆ 25 ಸಾವಿರ ರೂಪಾಯಿ ದಂಡ ಹಾಕಿತು. ಜನಕ್ಕೆ ಬುದ್ಧಿಯಿಲ್ಲ ಎಂಬ ತೀರ್ಪು ಆಗ ಎಲ್ಲೆಡೆ ಕೇಳಿಬಂತು. ತೀರ್ಪು ಸುಳ್ಳಲ್ಲ. ಆದರೆ ಬುದ್ಧಿಯಿರುವ ಕುಟುಂಬವೂ ನೀರು ನೋಡಬೇಕೆಂದರೆ ಎಲ್ಲಿಗೆ ಹೋಗಬೇಕು?

ಬೀಚನಹಳ್ಳಿಯ ಕಬಿನಿ ಅಣೆಕಟ್ಟು 1974ರಲ್ಲಿ ಮುಗಿದದ್ದು ಸಾರ್ವಜನಿಕ ಹಣದಲ್ಲಿ. ಅದಕ್ಕಾಗಿ ಊರು, ಗದ್ದೆ ಮುಳುಗಿದವು, ಜನ ಗಂಟುಮೂಟೆ ಕಟ್ಟಿದರು. ಇಂದು ದಡದ ಚೆಂದದ ತಾಣಗಳು ಬಹುಪಾಲು ರೆಸಾರ್ಟ್‌ಗಳ ಅಂಗಳ. ಒಂದು ರಾತ್ರಿಯ ಬಾಡಿಗೆಗೆ ಸಾವಿರಾರು ರೂಪಾಯಿ ತೆರಬಲ್ಲವರಿಗೆ ದೋಣಿ, ಜೀಪು, ಮಾರ್ಗದರ್ಶಿ ಎಲ್ಲವೂ ಉಂಟು. ಬಾಡಿಗೆ ಕಾರಿನಲ್ಲಿ ಅಜ್ಜಿ, ಮಕ್ಕಳೊಂದಿಗೆ ಬಂದವರ ಪಾಲಿಗೆ ಉಳಿಯುವುದು ಡಾಂಬರಿನ ಅಂಚು.

ಹಾಗೆಂದು ಕಾಡಿನ ಭಾಗದಲ್ಲೇ ವ್ಯೂ ಪಾಯಿಂಟ್ ಕಟ್ಟಿಕೊಡಿ ಎನ್ನುವುದು ತಪ್ಪು. ಕಾರಣ ನೀರಿನ ಏರಿಳಿತದಲ್ಲಿದೆ. ವಯನಾಡಿನ ಮಳೆಗೆ ಕಬಿನಿ ಬೇಗ ತುಂಬುತ್ತದೆ. ಬೇಸಿಗೆಯಲ್ಲಿ ನೀರು ಹಿಂದೆ ಸರಿದಂತೆ ತೇವದ ಮಣ್ಣಿನಲ್ಲಿ ಹಸಿ ಹುಲ್ಲು ಏಳುತ್ತದೆ. ಕಾಡಿನೊಳಗೆ ಕೆರೆ ಬತ್ತಿ, ಲಂಟಾನದ ನಡುವೆ ಮೇವು ಕಡಿಮೆಯಾದ ಹೊತ್ತಿನಲ್ಲಿ ನಾಗರಹೊಳೆ, ಬಂಡೀಪುರ, ವಯನಾಡಿನ ಆನೆಗಳಿಗೆ ಈ ದಡವೇ ಆಸರೆ. ಏಷ್ಯಾದ ಆನೆಗಳು ಇಷ್ಟು ದೊಡ್ಡ ಸಂಖ್ಯೆಯಲ್ಲಿ ಸೇರುವ ತಾಣಗಳು ತೀರಾ ವಿರಳ. ನಮ್ಮ ಶಾಲೆಗಳಿಗೆ ರಜೆ ಬೀಳುವುದೂ ಅದೇ ಏಪ್ರಿಲ್, ಮೇ ತಿಂಗಳಲ್ಲಿ. ಮರಿಗಳನ್ನು ಕಟ್ಟಿಕೊಂಡ ಎರಡು ಬಗೆಯ ಸಂಸಾರಗಳು ಒಂದೇ ನೀರಿಗೆ ಒಂದೇ ಹೊತ್ತಿಗೆ ಬರುತ್ತವೆ. ದಾರಿ ಬಿಡಬೇಕಾದವರು ನಾವೇ, ಏಕೆಂದರೆ ನಮಗೆ ಬೇರೆ ದಡವಿದೆ.

ಆ ಬೇರೆ ದಡ ಅಣೆಕಟ್ಟಿನ ಕಡೆಯದು, ಹೊಲಗದ್ದೆಗಳ ನಡುವಿನದು. ನೆರಳಿರುವ ನಡಿಗೆ ದಾರಿ, ಶೌಚಾಲಯ, ಊರಿನ ಸ್ತ್ರೀಶಕ್ತಿ ಸಂಘದವರು ನಡೆಸುವ ಊಟದ ಮನೆ, ಇಷ್ಟಿದ್ದರೆ ಸಾಕು. (ಸಂಗೀತ ಕಾರಂಜಿ ಮಾತ್ರ ಬೇಡ. ನಮ್ಮ ಪ್ರವಾಸೋದ್ಯಮದ ಕಲ್ಪನೆ ಬೃಂದಾವನದಿಂದ ಮುಂದಕ್ಕೆ ಹೋಗಲಿ.) ಕಾಡು ನೋಡಲೇಬೇಕೆನ್ನುವವರಿಗೆ ಹಗಲು ಬಸ್ ಓಡಿಸಬಹುದು. ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಖಾಸಗಿ ವಾಹನ ಬಿಡದೆ, ತಪ್ಪಲಿನಿಂದ ಕೆಎಸ್‌ಆರ್‌ಟಿಸಿ ಬಸ್ಸಿನಲ್ಲೇ ಭಕ್ತರನ್ನು ಕರೆದೊಯ್ಯುವ ಪದ್ಧತಿ ಇದೆ. ಅದರಿಂದ ದೇವರಿಗೇನೂ ಭಕ್ತರು ಕಡಿಮೆಯಾಗಿಲ್ಲ.

ಜಾಗ ಕೊಟ್ಟರೆ ಜನಸಂದಣಿ, ಪ್ಲಾಸ್ಟಿಕ್, ಕೊನೆಗೆ ಬಾರು ಬರುತ್ತದೆಂಬ ಆಕ್ಷೇಪವನ್ನು ತಳ್ಳಿಹಾಕಲಾಗದು. ಊರವರ ಸಿಟ್ಟನ್ನೂ ಮರೆಯುವಂತಿಲ್ಲ. 2025ರ ಕೊನೆಯಲ್ಲಿ ಹುಲಿ ದಾಳಿಗೆ ರೈತರು ಸತ್ತಾಗ ಕಾಡಂಚಿನ ಊರುಗಳ ಸಿಟ್ಟು ಸಫಾರಿಯ ಮೇಲೂ ತಿರುಗಿತು. ನವೆಂಬರ್‌ನಲ್ಲಿ ಸರ್ಕಾರ ಬಂಡೀಪುರ, ನಾಗರಹೊಳೆ ಸಫಾರಿಗಳನ್ನು ನಿಲ್ಲಿಸಿತು. ಪ್ರವಾಸಿಗರ ದುಡ್ಡು ಒಬ್ಬರ ಜೇಬಿಗೆ, ಹುಲಿ ಮಾತ್ರ ನಮ್ಮ ಹೊಲಕ್ಕೆ ಎಂಬ ಭಾವನೆ ಆ ಸಿಟ್ಟಿನ ಒಳಗಿದೆ. ಹೊಸ ತಾಣದ ಪಾರ್ಕಿಂಗ್ ಶುಲ್ಕವನ್ನೂ ಅಂಗಡಿಗಳನ್ನೂ ಟೆಂಡರಿಗೆ ಹಾಕದೆ ಗ್ರಾಮ ಪಂಚಾಯಿತಿಗೆ, ಕಾಡಿನಿಂದ ಎತ್ತಂಗಡಿಯಾದ ಜೇನುಕುರುಬ ಕುಟುಂಬಗಳಿಗೆ ಬಿಡುವುದೇ ಮೊದಲ ಷರತ್ತಾಗಬೇಕು.

ಅಣೆಕಟ್ಟು ಕಾವೇರಿ ನೀರಾವರಿ ನಿಗಮದ್ದು, ಕಾಡು ಅರಣ್ಯ ಇಲಾಖೆಯದು, ಜಾಹೀರಾತು ಪ್ರವಾಸೋದ್ಯಮ ಇಲಾಖೆಯದು. ಕಾರಿನಿಂದ ಇಳಿದವನಿಗೆ ದಂಡ ಹಾಕಲು ಒಂದು ಇಲಾಖೆ ಸಾಕು. ಅವನಿಗೆ ಇಳಿಯುವ ಜಾಗ ತೋರಿಸಲು ಈ ಮೂವರೂ ಒಂದೇ ಮೇಜಿಗೆ ಬರಬೇಕು. ಮೈಸೂರು ಜಿಲ್ಲಾಧಿಕಾರಿ ಈ ಮೂವರನ್ನೂ ಬೇಸಿಗೆ ರಜೆಗೆ ಮುಂಚೆಯೇ ಕೂರಿಸಲಿ.